ರ್‍ಯಾಕೆಟ್ ಆಮೇಲೆ, ಮೊದಲು ಗಟ್ಟಿಂಗ್ ಕೇಳಿ: ಬ್ಯಾಡ್ಮಿಂಟನ್ ಆಡುವ ಮಕ್ಕಳಿಗೆ ಸ್ಪಾನ್ಸರ್ ಹುಡುಕುವುದು ಹೇಗೆ?

ಕಳೆದ ವರ್ಷ ನನ್ನ ಮಗಳಿಗೆ ಕೊಂಡ ರ್‍ಯಾಕೆಟ್ ಒಂದೇ ಒಂದು. ಗಟ್ಟಿಂಗ್, ಅಂದರೆ ಅದಕ್ಕೆ ದಾರದ ಬಲೆ (ಗಟ್ಸ್) ಹಾಕಿಸಿದ್ದು, 34 ಸಲ. ಶೂ ಎರಡು ಜೊತೆ. ಪುಕ್ಕದ ಶಟಲ್ 48 ಬಾಕ್ಸ್. ಇದನ್ನೆಲ್ಲ ನಾನು ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ನಮಗೆ ಸ್ಪಾನ್ಸರ್ ಸಿಕ್ಕಿದ್ದೂ ಆ ನೋಟ್‌ಬುಕ್ಕಿನಿಂದಲೇ.

ನಾವು ಮಂಡ್ಯದವರು. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಮಗಳು 15 ವರ್ಷದೊಳಗಿನವರ ವಿಭಾಗದಲ್ಲಿ ಆಡುತ್ತಾಳೆ. ವಾರಕ್ಕೆ ನಾಲ್ಕು ದಿನ ಶಾಲೆ ಬಿಟ್ಟ ಕೂಡಲೇ ರೈಲು ಹತ್ತಿ ಮೈಸೂರಿಗೆ ಹೋಗಿ ಕೋಚಿಂಗ್ ಮುಗಿಸಿ ಬರುತ್ತಾಳೆ. ಮನೆಯಲ್ಲಿ ಇಬ್ಬರೂ ದುಡಿಯುತ್ತೇವೆ. ಆದರೂ ಟೂರ್ನಿ ತಿಂಗಳುಗಳಲ್ಲಿ ಕೈ ಕಟ್ಟಿಹೋಗುತ್ತಿತ್ತು. ನಮ್ಮ ಹಾಗೆಯೇ ಒದ್ದಾಡುತ್ತಿರುವ ಅಪ್ಪ ಅಮ್ಮಂದಿರು ಮೈಸೂರು, ಮಂಡ್ಯದಲ್ಲಿ ಎಷ್ಟೋ ಜನ ಇದ್ದಾರೆ. ಅವರಿಗಾಗಿ ನಾನು ಕಲಿತದ್ದನ್ನೆಲ್ಲ ಒಂದು ಕಡೆ ಬರೆಯುತ್ತಿದ್ದೇನೆ.

ಸ್ಪಾನ್ಸರ್ ಅಂದ ತಕ್ಷಣ ನಮ್ಮ ತಲೆಗೆ ಬರುವುದು ಪೇಪರಿನಲ್ಲಿ ಓದಿದ ದೊಡ್ಡ ಸುದ್ದಿಗಳು. 2019ರಲ್ಲಿ ಪಿ.ವಿ. ಸಿಂಧು ಲಿ-ನಿಂಗ್ ಕಂಪನಿ ಜೊತೆ ನಾಲ್ಕು ವರ್ಷಕ್ಕೆ ಸುಮಾರು 50 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡರು ಎಂದು ಪತ್ರಿಕೆಗಳು ಬರೆದವು. ಅಷ್ಟು ಹೊತ್ತಿಗೆ ಅವರ ಕೈಯಲ್ಲಿ ರಿಯೋ ಒಲಿಂಪಿಕ್ಸ್ ಬೆಳ್ಳಿ ಇತ್ತು. ಜಿಲ್ಲಾ, ರಾಜ್ಯ ಮಟ್ಟದಲ್ಲಿ ಆಡುವ ನಮ್ಮ ಮಕ್ಕಳಿಗೆ ಸಿಗುವ ಸಹಾಯದ ರೂಪವೇ ಬೇರೆ. ಅದು ಚಿಕ್ಕದು, ಹತ್ತಿರದ್ದು. ಆದರೆ ಕೇಳುವ ರೀತಿ ಗೊತ್ತಿದ್ದರೆ ಸಿಗುತ್ತದೆ.

ಮೊದಲ ಹೆಜ್ಜೆ: ಮೂರು ತಿಂಗಳು ಲೆಕ್ಕ ಬರೆಯಿರಿ

ಯಾರ ಬಾಗಿಲಿಗೂ ಹೋಗುವ ಮೊದಲು ಮೂರು ತಿಂಗಳು ಪ್ರತಿ ಖರ್ಚು ಬರೆಯಿರಿ. ತಾರೀಖು, ಏನು ಕೊಂಡಿದ್ದು, ಎಷ್ಟಾಯಿತು. ಗಟ್ಸ್ ಕಿತ್ತುಹೋದರೆ ಎಲ್ಲಿ ಕಿತ್ತುಹೋಯಿತು ಅನ್ನುವುದನ್ನೂ ಬರೆಯಿರಿ. ಈ ಕೊನೆಯದು ನಮಗೆ ತುಂಬಾ ಉಪಯೋಗವಾಯಿತು. ಮಗಳ ಗಟ್ಸ್ ಹೆಚ್ಚಾಗಿ ಮೇಲ್ಗಡೆ, ಫ್ರೇಮಿನ ಪಕ್ಕದಲ್ಲೇ ಕಿತ್ತುಹೋಗುತ್ತಿತ್ತು. ಕೋಚ್‌ಗೆ ತೋರಿಸಿದಾಗ, ಶಟಲ್ ನಡುವಿಗೆ ತಗುಲುತ್ತಿಲ್ಲ, ಸ್ಮ್ಯಾಶ್ ಮಾಡುವಾಗ ತಡವಾಗುತ್ತಿದೆ ಅಂದರು. ಅದನ್ನು ತಿದ್ದಿದರು. ಗೆಳತಿಯರನ್ನು ನೋಡಿ 26 ಪೌಂಡ್ ಟೆನ್ಶನ್ (ಗಟ್ಸ್ ಬಿಗಿಯುವ ಅಳತೆ) ಹಾಕಿಸುತ್ತಿದ್ದಳು, ಅದನ್ನು 23ಕ್ಕೆ ಇಳಿಸಿದರು. 0.63 ಮಿ.ಮೀ. ದಪ್ಪದ ತೆಳು ಗಟ್ಸ್ ಬಿಡಿಸಿ 0.70 ಮಿ.ಮೀ. ಇರುವ ಬಿಜಿ 65 ಅನ್ನುವ ಗಟ್ಸ್ ಹಾಕಿಸಿದೆವು. ಅದರ ಹಿಂದಿನ ವರ್ಷ 50 ದಾಟಿದ್ದ ಗಟ್ಟಿಂಗ್ 34ಕ್ಕೆ ಬಂದಿದ್ದು ಹೀಗೆ. ಒಂದು ರೂಪಾಯಿ ಸ್ಪಾನ್ಸರ್ ಇಲ್ಲದೆಯೇ ಅಷ್ಟು ಹಣ ಉಳಿಯಿತು.

ಇನ್ನೊಂದು ಮಾತು. ಆಟದ ಮಧ್ಯೆ ಗಟ್ಸ್ ಕಿತ್ತುಹೋದರೆ ರ್‍ಯಾಕೆಟ್ಟನ್ನು ಹಾಗೇ ಬ್ಯಾಗಿಗೆ ಹಾಕಬೇಡಿ. ಉಳಿದ ಗಟ್ಸ್ ಒಂದೇ ಕಡೆ ಎಳೆದು ಫ್ರೇಮ್ ಸೊಟ್ಟ ಮಾಡುತ್ತದೆ. ಮ್ಯಾಚ್ ಮುಗಿದ ತಕ್ಷಣ ನಡುವಿನಿಂದ ಶುರು ಮಾಡಿ ಎಲ್ಲವನ್ನೂ ಕತ್ತರಿಸಿಬಿಡಿ. ಬ್ಯಾಗಿನಲ್ಲಿ ಚಿಕ್ಕ ಕತ್ತರಿ ಇರಲಿ.

ಮೂರು ತಿಂಗಳ ಲೆಕ್ಕ ಕೂಡಿಸಿ ನೋಡಿ. ಹಣ ಹರಿದು ಹೋಗುವುದು ರ್‍ಯಾಕೆಟ್ಟಿಗಲ್ಲ, ಶಟಲ್ಲು ಮತ್ತು ಗಟ್ಸಿಗೆ ಅಂತ ಹೆಚ್ಚಿನ ಮನೆಗಳಲ್ಲಿ ಗೊತ್ತಾಗುತ್ತದೆ. ಒಂದು ಶಟಲ್ಲಿನಲ್ಲಿ 16 ಪುಕ್ಕ. ಒಂದು ಮುರಿದರೂ ಹಾರಾಟ ಕೆಡುತ್ತದೆ. ಹಾಗಾಗಿ ಅದು ಕರಗುತ್ತಲೇ ಇರುವ ಖರ್ಚು. ನಾವು ಕೇಳಬೇಕಾದ್ದೂ ಅದನ್ನೇ.

ಎರಡನೇ ಹೆಜ್ಜೆ: ಹತ್ತಿರದಿಂದ ಶುರು ಮಾಡಿ

ಮೈಸೂರಿನಲ್ಲಿ ಬೆಳಗ್ಗೆ ಐದೂವರೆ, ಆರಕ್ಕೆಲ್ಲ ಶಟಲ್ ಆಡುವ ಹಿರಿಯರ ಗುಂಪುಗಳು ಬೇಕಾದಷ್ಟಿವೆ. ಮಂಡ್ಯದಲ್ಲೂ ಇವೆ. ಇವರು ಎರಡು ಮೂರು ಗೇಮ್ ಆಡಿದ ಶಟಲ್ ಪಕ್ಕಕ್ಕಿಟ್ಟು ಹೊಸದು ತೆಗೆಯುತ್ತಾರೆ. ಮ್ಯಾಚಿಗೆ ಬರದ ಆ ಶಟಲ್ ಮಲ್ಟಿಶಟಲ್ ಅಭ್ಯಾಸಕ್ಕೆ ಚೆನ್ನಾಗಿಯೇ ಬರುತ್ತದೆ. ಕೋಚ್ ಒಂದರ ಹಿಂದೆ ಒಂದು 30, 40 ಶಟಲ್ ಎಸೆಯುವಾಗ ಪ್ರತಿಯೊಂದೂ ಹೊಸದಿರಬೇಕಿಲ್ಲ. ಒಂದು ದಿನ ಬೆಳಗ್ಗೆ ಮಗುವನ್ನು ಕರೆದುಕೊಂಡು ಹೋಗಿ, "ಅಂಕಲ್, ನೀವು ಬಿಟ್ಟ ಶಟಲ್ ಎತ್ತಿಟ್ಟಿರ್ತೀರಾ? ಶನಿವಾರ ಬಂದು ತಗೊಂಡ್ ಹೋಗ್ತೀನಿ" ಅಂತ ಮಗುವೇ ಕೇಳಲಿ. ಬೇಡ ಅಂದವರನ್ನು ನಾನು ನೋಡಿಲ್ಲ. ನಮ್ಮ ಮಗಳು ಶನಿವಾರ ಶನಿವಾರ ಒಂದು ಕೈಚೀಲ ತುಂಬ ತರುತ್ತಾಳೆ. ಆ ಹಿರಿಯರೇ ಈಗ ಅವಳ ಫಲಿತಾಂಶ ಕೇಳುತ್ತಾರೆ. ಅವರಲ್ಲಿ ಅಂಗಡಿ ಇಟ್ಟವರು, ಬ್ಯಾಂಕಿನವರು, ಫ್ಯಾಕ್ಟರಿಯವರು ಎಲ್ಲ ಇದ್ದಾರೆ. ಮುಂದಿನ ಪರಿಚಯಗಳು ಅಲ್ಲಿಂದಲೇ ಬಂದವು.

ಎರಡನೆಯದು ನೀವು ಯಾವಾಗಲೂ ಗಟ್ಟಿಂಗ್ ಹಾಕಿಸುವ ಅಂಗಡಿ. ಅವರಿಗೆ ನಿಮ್ಮ ಮಗು ಗೊತ್ತು. ನಾನು ಕೇಳಿದ್ದು ಇಷ್ಟೇ: "ಗಟ್ಸ್ ರೀಲ್ ನಾವೇ ತರ್ತೀವಿ, ಹಾಕುವ ಕೂಲಿ ಒಂದು ವರ್ಷ ಬಿಟ್ಟುಕೊಡ್ತೀರಾ?" ಒಂದು ರ್‍ಯಾಕೆಟ್ಟಿಗೆ ಸುಮಾರು 10 ಮೀಟರ್ ಗಟ್ಸ್ ಬೇಕು. 200 ಮೀಟರ್ ರೀಲಿನಲ್ಲಿ 20 ರ್‍ಯಾಕೆಟ್ ಹತ್ತಿರ ಆಗುತ್ತದೆ. ಬಿಡಿ ಪ್ಯಾಕೆಟ್‌ಗಿಂತ ರೀಲ್ ಅಗ್ಗ. ವರ್ಷಕ್ಕೆ ಎರಡು ರೀಲ್ ಸಾಕು. ಅಂಗಡಿಯವರಿಗೂ ಕೈಯಿಂದ ದುಡ್ಡು ಹೋಗುವುದಿಲ್ಲ, ಸ್ವಲ್ಪ ಹೊತ್ತು ಹೋಗುತ್ತದೆ ಅಷ್ಟೆ. ನಾನು ನೋಟ್‌ಬುಕ್ ತೆರೆದು ತೋರಿಸಿದಾಗ ಅವರು, "ರ್‍ಯಾಕೆಟ್ ಕೊಡಿ ಅಂತ ದಿನಾ ಯಾರಾದ್ರೂ ಬರ್ತಾರೆ ಮೇಡಂ. ಲೆಕ್ಕ ತಂದೋರು ನೀವೇ ಮೊದ್ಲು" ಅಂದರು. ಅವತ್ತೇ ಒಪ್ಪಿಕೊಂಡರು.

ಮೂರನೆಯದು ಊರಿನ ವ್ಯಾಪಾರಸ್ಥರು. ಬೇಕರಿ, ಬಟ್ಟೆ ಅಂಗಡಿ, ಕ್ಲಿನಿಕ್, ಟ್ಯೂಷನ್ ಸೆಂಟರ್, ರೋಟರಿ, ಲಯನ್ಸ್. ಇವರ ಹತ್ತಿರ "ತಿಂಗಳಿಗೆ ಎರಡು ಬಾಕ್ಸ್ ಶಟಲ್" ಅಂತ ಎಣಿಸಿ ಕೇಳಿ. "ಏನಾದ್ರೂ ಸಹಾಯ ಮಾಡಿ" ಅಂದರೆ ಕೇಳಿದವರಿಗೆ ಏನು ಕೊಡಬೇಕೋ ತಿಳಿಯುವುದಿಲ್ಲ. ಶಟಲ್ ಕೇಳುವಾಗ ಬ್ರ್ಯಾಂಡ್, ಮಾಡೆಲ್, ಸ್ಪೀಡ್ ಮೂರನ್ನೂ ಚೀಟಿಯಲ್ಲಿ ಬರೆದು ಕೊಡಿ. ಒಮ್ಮೆ ಒಬ್ಬರು ಪ್ರೀತಿಯಿಂದ ಆರು ಬಾಕ್ಸ್ ತರಿಸಿಕೊಟ್ಟರು, ಸ್ಪೀಡ್ ಬೇರೆ ಇತ್ತು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಶಟಲ್ ದೂರ ಹಾರುತ್ತದೆ. ಅದಕ್ಕೇ ಮಂಗಳೂರಿನಂಥ ಕರಾವಳಿಯಲ್ಲಿ ಆಡುವುದಕ್ಕಿಂತ ನಿಧಾನದ ಶಟಲ್ ಇಲ್ಲಿಗೆ ಬೇಕು. ಆ ಆರು ಬಾಕ್ಸ್ ಹೊಡೆದರೆ ಲೈನ್ ದಾಟಿ ಹೋಗುತ್ತಿದ್ದವು. ತಪ್ಪು ನನ್ನದೇ, ನಾನು ಬರೆದು ಕೊಟ್ಟಿರಲಿಲ್ಲ.

ಶೂ ವಿಷಯದಲ್ಲೂ ಹುಷಾರು. ಬೆಳೆಯುವ ಮಕ್ಕಳ ಪಾದ ಆರೆಂಟು ತಿಂಗಳಿಗೆ ಒಂದು ಸೈಜ್ ಜಾಸ್ತಿಯಾಗುತ್ತದೆ. ಮುಂಗಡವಾಗಿ ಎರಡು ಜೊತೆ ತೆಗೆದುಕೊಳ್ಳಬೇಡಿ, ಬೇಕಾದಾಗ ಕೊಡಿಸಿ ಅನ್ನಿ.

ಮೂರನೇ ಹೆಜ್ಜೆ: ಒಂದು ಪುಟದ ಪರಿಚಯ

ಒಂದೇ ಪುಟ ಸಾಕು. ಮಗುವಿನ ಹೆಸರು, ಹುಟ್ಟಿದ ವರ್ಷ, ಶಾಲೆ, ಕೋಚಿಂಗ್ ಎಲ್ಲಿ, ಯಾವ ವಿಭಾಗ. ಭಾರತೀಯ ಬ್ಯಾಡ್ಮಿಂಟನ್ ಸಂಸ್ಥೆಯ ನೋಂದಣಿ ಸಂಖ್ಯೆ ಇದ್ದರೆ ಅದು. ಆಮೇಲೆ ಕಳೆದ ಹನ್ನೆರಡು ತಿಂಗಳ ಫಲಿತಾಂಶ. ಕೊನೆಗೆ, ಮುಂದಿನ ಆರು ತಿಂಗಳಲ್ಲಿ ಆಡಲಿರುವ ಟೂರ್ನಿಗಳು.

ಫಲಿತಾಂಶ ಬರೆಯುವಾಗ ಪ್ರಾಮಾಣಿಕವಾಗಿರಿ. "ಕ್ವಾರ್ಟರ್ ಫೈನಲ್" ಅಂತ ಬರೆದರೆ ಎಷ್ಟು ಜನರ ಡ್ರಾ (ಯಾರು ಯಾರ ಜೊತೆ ಆಡಬೇಕು ಅನ್ನುವ ಪಟ್ಟಿ) ಅನ್ನುವುದನ್ನೂ ಬರೆಯಿರಿ. ಎಂಟೇ ಜನ ಇದ್ದ ಟೂರ್ನಿಯಲ್ಲಿ ಒಂದೂ ಮ್ಯಾಚ್ ಗೆಲ್ಲದೆ ಕ್ವಾರ್ಟರ್ ಫೈನಲ್ ಆಡಬಹುದು. ದೊಡ್ಡ ಟೂರ್ನಿಗಳ ಡ್ರಾ ಮತ್ತು ಸ್ಕೋರ್ ಇಂಟರ್‌ನೆಟ್‌ನಲ್ಲೇ ಸಿಗುತ್ತದೆ, ಆಟ ಬಲ್ಲವರು ಎರಡು ನಿಮಿಷದಲ್ಲಿ ನೋಡಿಬಿಡುತ್ತಾರೆ. ಸೋತ ಮ್ಯಾಚೂ ಇರಲಿ. ಎರಡನೇ ಸೀಡ್ (ಟೂರ್ನಿಯ ಎರಡನೇ ಶ್ರೇಯಾಂಕ) ಹುಡುಗಿಗೆ ಮೂರು ಗೇಮ್ ಆಡಿ ಸೋತಿದ್ದರೆ ಅದು ಗೆದ್ದ ಎಷ್ಟೋ ಮ್ಯಾಚಿಗಿಂತ ಜಾಸ್ತಿ ಹೇಳುತ್ತದೆ.

"ಶಟಲ್ ಬ್ಯಾಡ್ಮಿಂಟನ್" ಅಂತ ಪೂರ್ತಿ ಬರೆಯಿರಿ. ನಮ್ಮ ಕಡೆ ಬಾಲ್ ಬ್ಯಾಡ್ಮಿಂಟನ್ ಆಡಿ ಬೆಳೆದ ಹಿರಿಯರು ತುಂಬಾ ಜನ. ಸುಮ್ನೆ "ಬ್ಯಾಡ್ಮಿಂಟನ್" ಅಂದರೆ ಅವರ ಮನಸ್ಸಿಗೆ ಮೊದಲು ಬರುವುದು ಆ ಹಳದಿ ಉಲ್ಲನ್ ಚೆಂಡು. ನನಗೆ ಎರಡು ಸಲ ಹಾಗಾಗಿದೆ.

ಪುಟದ ಜೊತೆ ಒಂದು ನಿಮಿಷದ ವಿಡಿಯೋ ಇರಲಿ. ಕೋರ್ಟಿನ ಹಿಂದೆ, ಸ್ವಲ್ಪ ಎತ್ತರದಲ್ಲಿ ಮೊಬೈಲ್ ಅಲುಗದಂತೆ ಇಟ್ಟು ತೆಗೆದರೆ ಸಾಕು. ಹಾಡು ಸೇರಿಸಬೇಡಿ. ಒಂದೆರಡು ಉದ್ದದ ರ್‍ಯಾಲಿ ತೋರಿಸಿ. ಕಾಲು ಹೇಗೆ ಓಡುತ್ತದೆ ಅಂತ ನೋಡುವವರಿಗೆ ಕಾಣಬೇಕು.

ನಾಲ್ಕನೇ ಹೆಜ್ಜೆ: ಪತ್ರ ಮತ್ತು ಭೇಟಿ

ನಾನು ಅಂಗಡಿಗೆ ಕೊಟ್ಟ ಪತ್ರ ಹೀಗಿತ್ತು. ನಿಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಿ.

"ಮಾನ್ಯರೇ, ನನ್ನ ಮಗಳು 9ನೇ ತರಗತಿಯಲ್ಲಿ ಓದುತ್ತಿದ್ದಾಳೆ. ಐದು ವರ್ಷದಿಂದ ಶಟಲ್ ಬ್ಯಾಡ್ಮಿಂಟನ್ ಆಡುತ್ತಿದ್ದಾಳೆ. ಎರಡು ವರ್ಷದಿಂದ ನಿಮ್ಮಲ್ಲೇ ಗಟ್ಟಿಂಗ್ ಹಾಕಿಸುತ್ತಿದ್ದೇವೆ. ಈ ವರ್ಷ ರಾಜ್ಯಮಟ್ಟದ ಮೂರು ಟೂರ್ನಿ ಆಡಿದ್ದಾಳೆ. ಒಂದರಲ್ಲಿ 64 ಜನರ ಡ್ರಾದಲ್ಲಿ ಕ್ವಾರ್ಟರ್ ಫೈನಲ್ ತಲುಪಿದ್ದಾಳೆ. ಅವಳಿಗೆ ತಿಂಗಳಿಗೆ ಸುಮಾರು ಮೂರು ಸಲ ಗಟ್ಟಿಂಗ್ ಬೇಕಾಗುತ್ತದೆ. ರೀಲ್ ನಾವು ತರುತ್ತೇವೆ. ಜೂನ್‌ನಿಂದ ಮುಂದಿನ ಮೇ ತನಕ ಹಾಕುವ ಕೂಲಿಯನ್ನು ನೀವು ಬಿಟ್ಟುಕೊಟ್ಟರೆ ನಮಗೆ ದೊಡ್ಡ ಉಪಕಾರ. ಅವಳ ಕಿಟ್ ಬ್ಯಾಗಿನ ಮೇಲೆ ನಿಮ್ಮ ಅಂಗಡಿಯ ಹೆಸರು ಹಾಕಿಸುತ್ತೇವೆ. ಪ್ರತಿ ತಿಂಗಳು ಅವಳ ಫಲಿತಾಂಶ ತಿಳಿಸುತ್ತೇವೆ. ಮೂರು ತಿಂಗಳ ಲೆಕ್ಕ ಜೊತೆಗಿದೆ."

ಕಷ್ಟದ ಕಥೆ ಬೇಡ. ಏನು ಬೇಕು, ಎಷ್ಟು ಬೇಕು, ಎಲ್ಲಿಯವರೆಗೆ, ನಾವೇನು ಮಾಡುತ್ತೇವೆ, ಇಷ್ಟೇ. ಪತ್ರ ಕಳಿಸಿ ಸುಮ್ಮನಾಗಬೇಡಿ, ಕೈಯಲ್ಲಿ ಹಿಡಿದುಕೊಂಡು ಹೋಗಿ. ಮಗು ಜೊತೆಗಿರಲಿ, ಎರಡು ಮಾತು ಅವಳೇ ಆಡಲಿ. ನಮ್ಮವಳು ಮೊದಲ ಸಲ ನೆಲ ನೋಡಿಕೊಂಡೇ ಮಾತಾಡಿದಳು. ನಾಲ್ಕನೇ ಸಲಕ್ಕೆ, "ಸಾರ್, ನಂಗೆ ಬ್ಯಾಕ್‌ಹ್ಯಾಂಡ್ ಇನ್ನೂ ವೀಕು, ಈ ವರ್ಷ ಅದನ್ನೇ ಸರಿ ಮಾಡ್ಕೋತಿದೀನಿ" ಅಂದಳು. ಆ ಸಾರ್ ನನ್ನ ಪತ್ರ ಓದಲೇ ಇಲ್ಲ, ಅವಳ ಹತ್ತಿರವೇ ಅರ್ಧ ಗಂಟೆ ಮಾತಾಡಿದರು.

ಹೋಗುವ ಹೊತ್ತು ಮುಖ್ಯ. ದಸರಾ ಸಮಯದಲ್ಲಿ ಮೈಸೂರಿನ ಅಂಗಡಿಗಳಿಗೆ ಹೋಗಬೇಡಿ, ಯಾರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಜೂನ್ ಮೊದಲ ವಾರಗಳಲ್ಲಿ ಶಾಲೆ ಸಾಮಾನಿನ ಗಡಿಬಿಡಿ. ವಾರದ ಮಧ್ಯೆ, ಮಧ್ಯಾಹ್ನ ಮೂರರ ಸುಮಾರಿಗೆ ಹೋಗಿ. ದಸರಾ ಕ್ರೀಡಾಕೂಟದಲ್ಲಿ ಮಗು ಚೆನ್ನಾಗಿ ಆಡಿದ್ದರೆ, ಹಬ್ಬ ಮುಗಿದ ಎರಡನೇ ವಾರ ಒಳ್ಳೆಯ ಸಮಯ. ಊರಿನವರಿಗೆ ಆ ಕೂಟದ ಹೆಸರು ಗೊತ್ತಿರುತ್ತದೆ.

"ಈಗ ಆಗಲ್ಲ" ಅಂದರೆ ಧನ್ಯವಾದ ಹೇಳಿ, ಮೂರು ತಿಂಗಳ ಮೇಲೆ ಫಲಿತಾಂಶ ತಂದು ತೋರಿಸಬಹುದಾ ಅಂತ ಕೇಳಿ ಬನ್ನಿ. ನಮಗೆ ಶಟಲ್ ಕೊಡುತ್ತಿರುವ ಒಬ್ಬರು ಮೊದಲ ಸಲ ಇಲ್ಲ ಅಂದವರೇ.

ಐದನೇ ಹೆಜ್ಜೆ: ಕಂಪನಿಗಳು

ಮೈಸೂರಿನ ಹೆಬ್ಬಾಳ, ಮೇಟಗಳ್ಳಿ, ನಂಜನಗೂಡು, ಮದ್ದೂರಿನ ಹತ್ತಿರದ ಸೋಮನಹಳ್ಳಿ, ಹೀಗೆ ನಮ್ಮ ಸುತ್ತ ಫ್ಯಾಕ್ಟರಿಗಳಿವೆ. ಅಲ್ಲಿಗೆ ಹೋಗುವ ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಕಂಪನಿಯಲ್ಲಿ ಎರಡು ಬೇರೆ ಬೇರೆ ಜೇಬುಗಳಿರುತ್ತವೆ. ಒಂದು ಜಾಹೀರಾತಿನದು, ಇನ್ನೊಂದು ಸಮಾಜಕ್ಕಾಗಿ ಖರ್ಚು ಮಾಡುವ ಹಣದ್ದು, ಅಂದರೆ ಸಿಎಸ್‌ಆರ್‌ನದು.

2013ರ ಕಂಪನಿ ಕಾಯ್ದೆಯ ಪ್ರಕಾರ, ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಆ ಪಟ್ಟಿಯಲ್ಲಿ ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಇದೆ. ಬ್ಯಾಡ್ಮಿಂಟನ್ ಒಲಿಂಪಿಕ್ ಕ್ರೀಡೆ, ಅಲ್ವಾ? ಆದರೆ ತನ್ನ ಸರಕಿನ ಪ್ರಚಾರಕ್ಕಾಗಿ ಮಾಡುವ ಸ್ಪಾನ್ಸರ್‌ಶಿಪ್ ಸಿಎಸ್‌ಆರ್ ಲೆಕ್ಕಕ್ಕೆ ಸೇರುವುದಿಲ್ಲ. ಅಂದರೆ ಸಿಎಸ್‌ಆರ್ ವಿಭಾಗಕ್ಕೆ ಹೋಗಿ "ಟೀ ಶರ್ಟ್ ಮೇಲೆ ನಿಮ್ಮ ಲೋಗೋ ಹಾಕುತ್ತೇವೆ" ಅಂದರೆ ನಮ್ಮ ಅರ್ಜಿಯನ್ನು ನಾವೇ ಕೆಡಿಸಿದಂತೆ. ಲೋಗೋ ಮಾತು ಮಾರ್ಕೆಟಿಂಗ್ ವಿಭಾಗದಲ್ಲಿ ಆಡಬೇಕು. ನನಗೆ ಇದು ಗೊತ್ತಾಗುವ ಹೊತ್ತಿಗೆ ಎರಡು ಕಂಪನಿಯಿಂದ ಅರ್ಜಿ ವಾಪಸ್ ಬಂದಿತ್ತು.

ಸಿಎಸ್‌ಆರ್ ಹಣ ಸಾಮಾನ್ಯವಾಗಿ ನೋಂದಣಿಯಾದ ಟ್ರಸ್ಟ್ ಅಥವಾ ಸಂಸ್ಥೆಯ ಮೂಲಕ ಬರುತ್ತದೆ. ಒಂದೇ ಮಗುವಿಗೆ ಕೇಳುವುದಕ್ಕಿಂತ ಕೋಚ್ ಜೊತೆ ಕೂತು, ಅಕಾಡೆಮಿಯ ಹತ್ತು ಮಕ್ಕಳಿಗೆ ಒಂದು ವರ್ಷದ ಶಟಲ್ ಅಂತ ಕೇಳಿ. ಅಕಾಡೆಮಿ ಟ್ರಸ್ಟ್ ಆಗಿದೆಯಾ, ಸಿಎಸ್‌ಆರ್ ಪಡೆಯಲು ನೋಂದಣಿ ಮಾಡಿಸಿದೆಯಾ ಅಂತ ಮೊದಲೇ ವಿಚಾರಿಸಿ. ಜನವರಿಯಿಂದ ಮಾರ್ಚ್ ಒಳಗೆ ಅರ್ಜಿ ತಲುಪಲಿ, ಮುಂದಿನ ಏಪ್ರಿಲ್‌ನ ಬಜೆಟ್ ಆಗ ಯೋಚನೆಯಲ್ಲಿರುತ್ತದೆ.

ಬ್ರ್ಯಾಂಡ್, ಫೌಂಡೇಶನ್, ಸರ್ಕಾರ

ಯೋನೆಕ್ಸ್, ಲಿ-ನಿಂಗ್, ವಿಕ್ಟರ್‌ನಂಥ ಬ್ರ್ಯಾಂಡ್‌ಗಳು ನೋಡುವುದು ರಾಜ್ಯದ ಮೇಲಿನ ಸ್ಥಾನ ಮತ್ತು ರಾಷ್ಟ್ರೀಯ ರ್‍ಯಾಂಕಿಂಗ್. ಮಗು ಅಲ್ಲಿಗೆ ಬಂದ ಮೇಲೆ ಕೋಚ್ ಮೂಲಕ, ಇಲ್ಲವೇ ಆ ಬ್ರ್ಯಾಂಡಿನ ಡೀಲರ್ ಮೂಲಕ ಕೇಳಿ. ಮನೆಯಿಂದ ನೇರವಾಗಿ ಕಳಿಸಿದ ಇಮೇಲ್‌ಗೆ ನಮಗೆ ಉತ್ತರ ಬರಲಿಲ್ಲ. ಡೀಲರ್ ಜೊತೆ ಮಾತಾಡಿದ ಮೇಲೆ ದಾರಿ ತೆರೆಯಿತು.

ಬ್ರ್ಯಾಂಡ್ ಒಪ್ಪಿದರೆ ಅವರ ರ್‍ಯಾಕೆಟ್ಟನ್ನೇ ಹಿಡಿಯಬೇಕಾಗುತ್ತದೆ. ಸಹಿಗೆ ಮೊದಲು ಎರಡು ಮೂರು ವಾರ ಆಡಿ ನೋಡಲು ಡೆಮೊ ರ್‍ಯಾಕೆಟ್ ಕೇಳಿ. ತೂಕ ನೋಡಿ: 4ಯು ಅಂದರೆ 80ರಿಂದ 84 ಗ್ರಾಂ, 3ಯು ಅಂದರೆ 85ರಿಂದ 89. ಬಿಟ್ಟಿ ಸಿಕ್ಕಿತು ಅಂತ ಭಾರದ, ಬಿಗಿ ಶಾಫ್ಟಿನ ರ್‍ಯಾಕೆಟ್ ಹಿಡಿದು ಭುಜ ನೋಯಿಸಿಕೊಂಡ ಹುಡುಗನನ್ನು ನೋಡಿದ್ದೇನೆ. ಕೋಚ್ ಬೇಡ ಅಂದರೆ ಬೇಡ.

ಬೆಂಗಳೂರಿನ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದವರು. ಅವರು ಮತ್ತು ಬಿಲಿಯರ್ಡ್ಸ್ ಆಟಗಾರ ಗೀತ್ ಸೇಠಿ 2001ರಲ್ಲಿ ಕಟ್ಟಿದ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್, ಬೆಂಗಳೂರಿನ ಗೋಸ್ಪೋರ್ಟ್ಸ್ ಫೌಂಡೇಶನ್, ಇಂಥವು ಮೇಲಿನ ಹಂತದ ಮಕ್ಕಳಿಗೆ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದವರಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿಗೆ ಕೊಡುತ್ತಾರೆ. ಜಿಲ್ಲೆಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕಚೇರಿಗೆ ವರ್ಷಕ್ಕೆ ಎರಡು ಸಲ ಹೋಗಿ ಬನ್ನಿ. ಮೈಸೂರಿನಲ್ಲಿ ಚಾಮುಂಡಿ ವಿಹಾರ, ಮಂಡ್ಯದಲ್ಲಿ ಸರ್ ಎಂ.ವಿ. ಕ್ರೀಡಾಂಗಣದ ಕಡೆ ವಿಚಾರಿಸಿದರೆ ಯಾವ ಅರ್ಜಿ ಕರೆದಿದ್ದಾರೆ ಅಂತ ಗೊತ್ತಾಗುತ್ತದೆ.

ಆರನೇ ಹೆಜ್ಜೆ: ಒಪ್ಪಂದ ಬರೆದುಕೊಳ್ಳಿ

ಅಂಗಡಿಯವರ ಜೊತೆ ಬಾಯಿ ಮಾತು ಸಾಕು. ಬ್ರ್ಯಾಂಡ್, ಕಂಪನಿ ಆದರೆ ಕಾಗದ ಬೇಕು. 18 ತುಂಬದವರು ಮಾಡಿಕೊಂಡ ಒಪ್ಪಂದ ಕಾನೂನಿನ ಮುಂದೆ ನಿಲ್ಲುವುದಿಲ್ಲ, ಹಾಗಾಗಿ ಸಹಿ ಹಾಕುವವರು ಅಪ್ಪ ಅಥವಾ ಅಮ್ಮ. ಪ್ರತಿ ಸಾಲು ಓದಿ. ಎಷ್ಟು ರ್‍ಯಾಕೆಟ್, ಎಷ್ಟು ಬಟ್ಟೆ, ಯಾವಾಗ ಕೊಡುತ್ತಾರೆ? ಬೇರೆ ಬ್ರ್ಯಾಂಡಿನ ಶೂ ಹಾಕಬಹುದಾ? ಶೂ ಬಗ್ಗೆ ಖಂಡಿತ ಕೇಳಿ, ಒಬ್ಬೊಬ್ಬರ ಪಾದಕ್ಕೆ ಒಂದೊಂದು ಹೊಂದುತ್ತದೆ. ಗಾಯವಾಗಿ ಆರು ತಿಂಗಳು ಆಡದಿದ್ದರೆ ಏನು? ಮಗುವಿನ ಫೋಟೋ ಎಲ್ಲೆಲ್ಲಿ ಬಳಸುತ್ತಾರೆ? ಮಧ್ಯದಲ್ಲಿ ಬಿಟ್ಟರೆ ಸಾಮಾನು ವಾಪಸ್ ಕೊಡಬೇಕಾ? ಟೂರ್ನಿಗಳಲ್ಲಿ ಬಟ್ಟೆ ಮೇಲಿನ ಲೋಗೋ ಅಳತೆಗೆ ಮಿತಿ ಇರುತ್ತದೆ, ಪ್ರಾಸ್ಪೆಕ್ಟಸ್ (ಟೂರ್ನಿಯ ನಿಯಮಗಳ ಕೈಪಿಡಿ) ನೋಡಿಯೇ ಮುದ್ರಿಸಿ.

ಹಣದ ರೂಪದಲ್ಲಿ ಬಂದರೆ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ದಾಟಿದ ಉಡುಗೊರೆ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಅಲ್ಲಿಗೆ ಬಂದರೆ ಆಡಿಟರ್ ಹತ್ತಿರ ಒಮ್ಮೆ ಕೂತು ಮಾತಾಡಿ.

ಬೇಡ ಅನ್ನಬೇಕಾದವು

ನಾವೂ ಮೋಸ ಹೋಗಿದ್ದೇವೆ. ಒಂದು ದಿನ ಫೋನ್ ಬಂತು. ನಿಮ್ಮ ಮಗಳು ಆಯ್ಕೆಯಾಗಿದ್ದಾಳೆ, ಪೂರ್ತಿ ಕಿಟ್ ಕೊಡುತ್ತೇವೆ, ನೋಂದಣಿಗೆ 3,500 ರೂಪಾಯಿ ಕಟ್ಟಿ ಅಂದರು. ಕಟ್ಟಿದೆವು. ಬಂದದ್ದು ಒಂದು ಟೀ ಶರ್ಟ್. ಆಮೇಲೆ ಫೋನ್ ಎತ್ತಲಿಲ್ಲ. ಮಗಳು ಬ್ಯಾಗ್ ಬರುತ್ತದೆ ಅಂತ ಎರಡು ತಿಂಗಳು ಕಾದಳು, ಅದು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೊಡುವವರು ನಮ್ಮಿಂದ ಹಣ ಕೇಳುವುದಿಲ್ಲ. "ಅಂಬಾಸಿಡರ್ ಮಾಡ್ತೀವಿ, ಶೇ 20 ರಿಯಾಯಿತಿ, ನಿಮ್ಮ ಕೋಡ್ ಬಳಸಿ ಸ್ನೇಹಿತರಿಗೆ ಕೊಡಿಸಿ" ಅನ್ನುವುದೂ ಸ್ಪಾನ್ಸರ್ ಅಲ್ಲ, ನಮ್ಮನ್ನು ಗಿರಾಕಿ ಮಾಡಿಕೊಳ್ಳುವ ದಾರಿ.

ಯಾರ ಹೆಸರು ಮಗುವಿನ ಬೆನ್ನ ಮೇಲೆ ಬರುತ್ತದೆ ಅನ್ನುವುದನ್ನೂ ಯೋಚಿಸಿ. ಪುಲ್ಲೇಲ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಮೇಲೆ ತಂಪು ಪಾನೀಯದ ಜಾಹೀರಾತು ಬೇಡ ಅಂದರು. ಗುಟ್ಕಾ ಕಂಪನಿಯ ಸೋದರ ಬ್ರ್ಯಾಂಡ್ ಒಂದರಿಂದ ನಮಗೂ ಮಾತು ಬಂದಿತ್ತು. ಮನೆಯಲ್ಲಿ ಕೂತು ಮಾತಾಡಿ ಬಿಟ್ಟೆವು.

ಸಿಕ್ಕಿದ ಮೇಲೆ

ಪ್ರತಿ ತಿಂಗಳು ಒಂದನೇ ತಾರೀಖು ಕೊಟ್ಟವರಿಗೆಲ್ಲ ವಾಟ್ಸ್‌ಆ್ಯಪ್ ಕಳಿಸಿ. ಯಾವ ಟೂರ್ನಿ, ಎಷ್ಟನೇ ಸುತ್ತು, ಸ್ಕೋರ್, ಎಷ್ಟು ಗಟ್ಟಿಂಗ್ ಆಯಿತು, ಎಷ್ಟು ಬಾಕ್ಸ್ ಉಳಿದಿದೆ. ನಾಲ್ಕು ಸಾಲು, ಒಂದು ಫೋಟೋ. ಸೋತ ತಿಂಗಳೂ ತಪ್ಪಿಸಬೇಡಿ. ಉಳಿದ ಶಟಲ್ಲನ್ನು ಬೇರೆ ಮಗುವಿಗೆ ಕೊಟ್ಟರೆ ಅದನ್ನೂ ಬರೆಯಿರಿ.

ಗಾಯವಾದರೆ ಅವತ್ತೇ ತಿಳಿಸಿ. ಕಳೆದ ನವೆಂಬರಿನಲ್ಲಿ ಮಗಳ ಪಾದದ ಕೀಲು ಉಳುಕಿತು, ಆರು ವಾರ ಕೋರ್ಟಿಗೆ ಇಳಿಯಲಿಲ್ಲ. ಗಟ್ಟಿಂಗ್ ಅಂಗಡಿಗೆ ನಾನೇ ಹೋಗಿ ಹೇಳಿದೆ. ಆ ತಿಂಗಳುಗಳ ಗಟ್ಟಿಂಗ್ ಲೆಕ್ಕಕ್ಕೆ ಬೇಡ ಅಂದೆ. ಅವರು ಗೋಡೆಯ ಕ್ಯಾಲೆಂಡರ್ ತಿರುಗಿಸಿ, ಮೇ ತಿಂಗಳ ಕೊನೆಗೆ ಹಾಕಿದ್ದ ಗುರುತನ್ನು ಅಳಿಸಿ ಜುಲೈ ಮಧ್ಯಕ್ಕೆ ಹಾಕಿದರು.